ಅಪ್ಪನ ಹಳೆಯ ವರದಿಗಳು ಸಿಕ್ಕಿವೆ

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ. ನಿನ್ನ ಪತ್ರ ಓದಿದಾಗಿನಿಂದ ಮನಸ್ಸು ಒಂದೆಡೆ ನಿಲ್ಲುತ್ತಿಲ್ಲ. ಮೆಟ್ಟಿಲು ಹತ್ತುವಾಗ ಅಪ್ಪನಿಗೆ ಏದುಸಿರು ಬರುವುದು ಎಷ್ಟು ದಿನದಿಂದ? ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿಬಿಟ್ಟಿದ್ದಾರೆಯೇ? ಮೊದಲು ಇವೆರಡಕ್ಕೆ ಉತ್ತರ ಬರೆ.

ಡಾಕ್ಟರು ಕೇಳಿದ ಅಪ್ಪನ ಹೃದಯದ ಹಳೆಯ ಇಸಿಜಿ, ಎಕೋ ವರದಿಗಳನ್ನು ಇದರೊಂದಿಗೇ ಕಳುಹಿಸಿದ್ದೇನೆ. 2017ರಿಂದ ನೀನು ಫೋಟೊ ತೆಗೆದು ಕಳುಹಿಸಿದ್ದೆಲ್ಲ ನನ್ನ ಹಳೆಯ ಕಂಪ್ಯೂಟರಿನಲ್ಲಿತ್ತು. ಮನೆ ಬದಲಿಸುವಾಗ ಮಾನಿಟರು, ಕೀಬೋರ್ಡು ಎರಡನ್ನೂ ಯಾರಿಗೋ ಕೊಟ್ಟಿದ್ದೆ, ಪೆಟ್ಟಿಗೆಯಷ್ಟೇ ಉಳಿದಿತ್ತು. ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿ ಎಲ್ಲವನ್ನೂ ನಕಲು ಮಾಡಿಕೊಂಡೆ.

ಇನ್ನು ಅಪ್ಪನ ಒಂದು ಕಾಗದವೂ ಕಳೆಯಬಾರದೆಂದು ಆ ಪೆಟ್ಟಿಗೆಯನ್ನು ವರದಿಗಳಿಗೇ ಮೀಸಲಿಟ್ಟಿದ್ದೇನೆ. ಬೇರೊಂದು ಡಿಸ್ಕಿಗೆ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, ಲ್ಯಾಪ್‌ಟಾಪಿನಿಂದ ದೂರದಿಂದಲೇ ಒಳಹೋಗಲು ಎಸ್‌ಎಸ್‌ಎಚ್ ಎಂಬ ವ್ಯವಸ್ಥೆ ಸಿದ್ಧಮಾಡಿ, ಪೆಟ್ಟಿಗೆಗೆ ಸೇರಿಸಿ ಕರೆಂಟು ಕೊಟ್ಟೆ. ಫ್ಯಾನು ತಿರುಗಿತು, ಆದರೆ ಮನೆಯ ಇಂಟರ್ನೆಟ್ ರೌಟರಿಗೆ ಸೇರಿದ ಯಂತ್ರಗಳ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಕೇಬಲ್ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಪಕ್ಕದ ಮನೆಯವರಿಂದ ಮಾನಿಟರು ತಂದು ಹಚ್ಚಿದಾಗ ತಿಳಿಯಿತು: ಕೀಬೋರ್ಡ್ ಇಲ್ಲ, ಎಫ್1 ಒತ್ತಿ ಎಂದು ಅದು ಅಲ್ಲೇ ನಿಂತುಬಿಟ್ಟಿದೆ! ಅವರ ಕೀಬೋರ್ಡನ್ನೂ ತಂದು ಬಯಾಸಿನಲ್ಲಿ, ಅಂದರೆ ಕಂಪ್ಯೂಟರು ಏಳುವಾಗ ಮೊದಲು ಓಡುವ ತಂತ್ರಾಂಶದಲ್ಲಿ, ಯಾವ ದೋಷಕ್ಕೆ ನಿಲ್ಲಬೇಕೆಂದು ಹೇಳುವ ‘ಹಾಲ್ಟ್ ಆನ್’ ಎಂಬಲ್ಲಿ ಕೀಬೋರ್ಡಿಗೆ ವಿನಾಯಿತಿ ಕೊಟ್ಟೆ. ಕರೆಂಟು ಹೋಗಿ ಬಂದರೆ ತಾನೇ ಚಾಲೂ ಆಗುವಂತೆಯೂ ಮಾಡಿದೆ.

ಈ ಜರ್ಮನಿಯ ಕೀಬೋರ್ಡಿನಲ್ಲಿ ವೈ ಮತ್ತು ಜೆಡ್ ಅದಲುಬದಲಾಗಿವೆ. ಬಯಾಸ್ ಮಾತ್ರ ಅಮೆರಿಕದ ಕೀಬೋರ್ಡನ್ನೇ ನಂಬಿ ಕುಳಿತಿರುತ್ತದೆ. ಬದಲಾವಣೆ ಉಳಿಸಬೇಕೇ ಎಂದು ಕೇಳಿದಾಗ ವೈ ಬರಲು ಜೆಡ್ ಕೀಲಿಯನ್ನು ಒತ್ತಬೇಕಾಯಿತು. ಪುಟ್ಟಿಗೆ ಹೇಳು, ಅವಳಿಗೆ ಇಂಥದ್ದು ಇಷ್ಟ.

ಮಾರನೆಯ ದಿನ ಪ್ಲಗ್ ಕಿತ್ತು ಮೂಲೆಗೆ ಸರಿಸಿ ಮತ್ತೆ ಹಾಕಿದರೆ ಪುನಃ ಅದೇ ಮೌನ. ಮದರ್‌ಬೋರ್ಡಿನ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ, ಸಿಆರ್2032, ಸತ್ತಿತ್ತು. ಕರೆಂಟು ತಪ್ಪಿದೊಡನೆ ಬಯಾಸಿನಲ್ಲಿ ನಾನು ಬದಲಿಸಿದ್ದೆಲ್ಲ ಅಳಿಸಿಹೋಗಿತ್ತು. ಹೊಸದು ಹಾಕಿ, ಬಯಾಸನ್ನು ಮತ್ತೆ ಸರಿಮಾಡಿ, ಮೂರು ಸಲ ಪ್ಲಗ್ ಕಿತ್ತು ಹಾಕಿ ನೋಡಿದೆ. ಮೂರು ಸಲವೂ ತಾನೇ ಎದ್ದಿತು. ನನಗಾದ ಸಮಾಧಾನ ನಿನಗೆ ಹೇಗೆ ಹೇಳಲಿ!

ಬೇರೆಯವರು ನೋಡಿಯಾರೆಂಬ ಭಯ ಬೇಡ. ಹೊರಗಿನಿಂದ ಒಳಬರುವ ದಾರಿಯನ್ನು ರೌಟರಿನಲ್ಲಿ ತೆರೆದೇ ಇಲ್ಲ. ಇನ್ನೊಂದು ಪ್ರತಿ ಲ್ಯಾಪ್‌ಟಾಪಿನಲ್ಲೂ ಇದೆ. ನಾನು ನಿದ್ದೆಗೆಟ್ಟಿಲ್ಲ, ಆರೋಗ್ಯವಾಗಿದ್ದೇನೆ, ಖಂಡಿತ ಚೆನ್ನಾಗಿದ್ದೇನೆ, ಅಮ್ಮನಿಗೂ ಹಾಗೆಯೇ ಹೇಳು.

ಅಪ್ಪನನ್ನು ಒಬ್ಬರನ್ನೇ ಆಸ್ಪತ್ರೆಗೆ ಕಳುಹಿಸಬೇಡ, ಭಾವ ಜೊತೆಗಿರಲಿ. 2019ರ ಎಕೋವನ್ನು ಹೊಸದರ ಪಕ್ಕದಲ್ಲಿಟ್ಟು ತೋರಿಸು. ಹೊಸ ವರದಿ ಕೈಗೆ ಬಂದ ಕ್ಷಣವೇ ಫೋಟೊ ಕಳುಹಿಸು. ನಾನು ಬರಬೇಕೆಂದರೆ ಒಂದು ಮಾತು ಹೇಳು, ರಜೆ ಕೇಳಿಟ್ಟಿದ್ದೇನೆ. ಕೆಲಸಕ್ಕೆ ಹೊತ್ತಾಯಿತು.

ನಿನ್ನ ತಮ್ಮ