ನಿನ್ನ ಊರು ಯಾವುದು ಅಂತ ಕೇಳಿದರೆ

ಪ್ರೀತಿಯ ಸೀನ,

ಫೋನಿನಲ್ಲಿ ಹರಟುವುದು ಬಿಟ್ಟು ಒಂದು ಕಾಗದ ಬರೆಯೋ ಅಂತ ಪೀಡಿಸುತ್ತಿದ್ದೆಯಲ್ಲ, ತಗೋ. ನಾಲ್ಕು ಜನ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ನನಗೀಗ ಹೊಸ ಹುಚ್ಚು ಹಿಡಿದಿದೆ. ಇಲ್ಲಿ ಇಂಗ್ಲೆಂಡಿನಲ್ಲಿ, ಶೆಫೀಲ್ಡಿನಿಂದ ಗುಡ್ಡ ಹತ್ತಿ ಆಚೆ ಹೋದರೆ ಈಮ್ ಅಂತ ಒಂದು ಹಳ್ಳಿ. 1665ರಲ್ಲಿ ಲಂಡನ್ನಿನಿಂದ ದರ್ಜಿಗೆ ಬಂದ ಬಟ್ಟೆಗಂಟಿನ ಜೊತೆ ಪ್ಲೇಗೂ ಬಂತು ಅನ್ನುತ್ತಾರೆ. ಮರುವರ್ಷ ಪಾದ್ರಿ ವಿಲಿಯಂ ಮಾಂಪೆಸನ್ ಮಾತು ಕೇಳಿ ಜನ ಗಡಿ ದಾಟದೆ ಊರಲ್ಲೇ ಉಳಿದರು, ರೋಗ ಪಕ್ಕದ ಊರಿಗೆ ಹೋಗದಿರಲಿ ಅಂತ. ಅಕ್ಕಪಕ್ಕದವರು ದಿನಸಿ ತಂದು ಗಡಿಯಲ್ಲಿಟ್ಟು ಹೋಗುತ್ತಿದ್ದರು. ಸೋಂಕು ಹೋಗಲಿ ಅಂತ ಗಡಿಕಲ್ಲಿನ ಕುಳಿಗಳಿಗೆ ವಿನೆಗರ್ ತುಂಬಿ, ಅದರಲ್ಲಿ ಇವರು ಕಾಸು ಹಾಕುತ್ತಿದ್ದರಂತೆ. ಆ ಕುಳಿಗಳು ಈಗಲೂ ಇವೆ. ಬೆರಳು ಹಾಕಿ ನೋಡಿದೆ, ಅಂಚೆಲ್ಲ ಸವೆದು ನುಣ್ಣಗಾಗಿದೆ. ಎಲಿಜಬೆತ್ ಹ್ಯಾನ್‌ಕಾಕ್ ಅನ್ನುವ ಹೆಂಗಸು 1666ರ ಆಗಸ್ಟ್‌ನಲ್ಲಿ ಎಂಟೇ ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದಳು. ಹೊಲದ ನಡುವೆ ಒಂದು ಸುತ್ತುಗೋಡೆ, ಒಳಗೆ ಅವರ ಸಮಾಧಿಕಲ್ಲುಗಳು.

ಇಲ್ಲಿನವರಿಗೆ ವಂಶ ಹುಡುಕುವುದು ದೊಡ್ಡ ಹವ್ಯಾಸ. ಸೌಕರ್ಯವೂ ಹಾಗಿದೆ ಬಿಡು. ನಾಮಕರಣ, ಮದುವೆ, ಮಣ್ಣು, ಮೂರನ್ನೂ ಚರ್ಚಿನಲ್ಲಿ ಬರೆದಿಡಬೇಕು ಅಂತ 1538ರಲ್ಲೇ ಹುಕುಂ ಆಗಿತ್ತು. ಈಮ್ ಇರುವ ಡರ್ಬಿಶೈರ್ ಜಿಲ್ಲೆಯ ಹಳೇ ದಾಖಲೆಗಳು ಮ್ಯಾಟ್ಲಾಕ್ ಊರಿನ ದಾಖಲೆ ಕಚೇರಿಯಲ್ಲಿವೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಪ್ಲೇಗ್ ಅಲ್ಲ, ಬಡವರ ಕಾಗದಗಳು. 1662ರಲ್ಲಿ ಒಂದು ಕಾನೂನು ಬಂತು. ಹೊರಗಿನಿಂದ ಬಂದ ಬಡವ ನಾಳೆ ತಮ್ಮ ತಲೆಗೆ ಬರುತ್ತಾನೆ ಅನ್ನಿಸಿದರೆ ಊರವರು ಅವನನ್ನು ಅವನ ಊರಿಗೇ ವಾಪಸ್ ಅಟ್ಟಬಹುದಿತ್ತು. ಮುಂದೆ ಮದುವೆಯಾಗದವರು ಒಂದೇ ಕಡೆ ಪೂರ್ತಿ ವರ್ಷ ಕೂಲಿಗಿದ್ದರೆ ಆ ಊರಿನವರಾಗುತ್ತಾರೆ, ಕಷ್ಟ ಬಂದರೆ ಆ ಊರೇ ನೋಡಿಕೊಳ್ಳಬೇಕು ಅಂತ ಆಯಿತು. ಧಣಿಗಳು ಬುದ್ಧಿವಂತರು, ವರ್ಷ ತುಂಬಲು ಕೆಲವು ದಿನ ಇರುವಾಗಲೇ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತಿದ್ದರು. ಮದುವೆಯಾಗದ ಬಸುರಿಯರನ್ನು ಹೆರಿಗೆಗೆ ಮುಂಚೆ ಗಡಿಯಾಚೆ ಸಾಗಿಸಿದ್ದೂ ಇದೆ. ಮಗು ಹುಟ್ಟಿದ ಊರೇ ಅದನ್ನು ಸಾಕಬೇಕಿತ್ತಲ್ಲ.

ಅಟ್ಟುವ ಮೊದಲು ಮ್ಯಾಜಿಸ್ಟ್ರೇಟ್ ಮುಂದೆ ವಿಚಾರಣೆ. ಎಲ್ಲಿ ಹುಟ್ಟಿದೆ? ಯಾರ ಮನೆಯಲ್ಲಿ ದುಡಿದೆ? ಎಷ್ಟು ತಿಂಗಳು? ಸಂಬಳ ಎಷ್ಟು? ಒಂದು ಬದುಕು ಪೂರ್ತಿ ಒಂದು ಹಾಳೆಯಲ್ಲಿ, ಅದೂ ಗುಮಾಸ್ತನ ಅಕ್ಷರದಲ್ಲಿ. ಓದು ಬಾರದವರಾದರೆ ಕೆಳಗೆ ಸಹಿಯ ಬದಲು ಒಂದು ಅಡ್ಡಗೀಟು.

ಸೀನ, ಈ ಪ್ರಶ್ನೆಗಳಿಗೆಲ್ಲ ನಾನೂ ಉತ್ತರ ಬರೆದಿದ್ದೇನೆ ಕಣೋ, ಇಲ್ಲಿನ ಪೌರತ್ವದ ಅರ್ಜಿಯಲ್ಲಿ. ಇದ್ದ ಮನೆಗಳು, ಮಾಡಿದ ಕೆಲಸ, ದೇಶ ಬಿಟ್ಟು ಹೋಗಿಬಂದ ತಾರೀಖುಗಳು. ಮುಂದೆಯೂ ಇಲ್ಲೇ ನೆಲೆಸುವ ಉದ್ದೇಶ ಇದೆಯೇ ಅಂತ ಕೇಳಿದ ಕಡೆ ‘ಹೌದು’ ಅಂತ ಗುರುತು ಹಾಕಿದೆ. ಕೈ ನಡುಗಲಿಲ್ಲ. ಅವತ್ತೇ ರಾತ್ರಿ ಅಮ್ಮನಿಗೆ ಫೋನ್ ಮಾಡಿ ‘ಇನ್ನೆರಡು ವರ್ಷ ಅಷ್ಟೇ, ಬಂದುಬಿಡ್ತೀನಿ’ ಅಂದೆ. ಆಗಲೂ ನಾಲಗೆ ತೊದಲಲಿಲ್ಲ. ಆಮೇಲೆ ಇಲ್ಲಿನ ಪಾಸ್‌ಪೋರ್ಟ್ ಬಂತು, ಅಲ್ಲಿನದನ್ನು ಒಪ್ಪಿಸಿ ಬಂದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಮಾಳಿಗೆ ಸೋರುತ್ತದೆ, ನೀನು ಬಂದ ಮೇಲೆ ಮಾಡಿಸೋಣ ಅಂತ ತಡೆದಿಟ್ಟಿದ್ದಾಳೆ. ಹೆಂಚು ಬದಲಾಯಿಸಲು ದುಡ್ಡು ಕಳಿಸುತ್ತೇನೆ ಅಂದರೆ ಬೇಡ ಅನ್ನುತ್ತಾಳೆ. ಆ ಕೂಲಿಯವರಾದರೂ ಅಟ್ಟಿದ್ದಕ್ಕೆ ಹೊರಟರು. ನನ್ನನ್ನು ಯಾರಪ್ಪ ಅಟ್ಟಿದ್ದು?

ಇಷ್ಟು ಬರೆಯಬೇಕು ಅಂತಿರಲಿಲ್ಲ. ಅಳಿಸೋಣ ಅಂದರೆ ಮೇಲಿನ ಪ್ಯಾರಾ ಕಷ್ಟಪಟ್ಟು ಬರೆದಿದ್ದೇನೆ, ಹೊಟ್ಟೆ ಉರಿಯುತ್ತದೆ. ಅತ್ತಿಗೆ ಇದನ್ನು ಓದಿದರೆ ಸಂಜೆಯೊಳಗೆ ನಮ್ಮ ಬೀದಿಗೆಲ್ಲ ಸುದ್ದಿ. ಹೇಗಾದರೂ ಮಾಡಿ ಅವರ ಫೋನ್ ಚಾರ್ಜರ್ ಎತ್ತಿಟ್ಟುಬಿಡು.

ಇಷ್ಟೆಲ್ಲ ಕಡತ ನೋಡಿದ ಮೇಲೆ ಒಂದು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ನಾನು ನಿನಗೆ ಕೊಡಬೇಕು ಅಂತ ನೀನು ಹೇಳುವ ಆ ದುಡ್ಡಿಗೆ ಎಲ್ಲೂ ದಾಖಲೆಯಿಲ್ಲ. ಸಹಿಯಿಲ್ಲ, ಅಡ್ಡಗೀಟೂ ಇಲ್ಲ. ಹಾಗಾಗಿ ಆ ಘಟನೆ ನಡೆದೇ ಇಲ್ಲ.

ಇಂತಿ ನಿನ್ನ,
ಹಳೇ ಸಾಲಗಾರ