ತಳ್ಳಾಟಕ್ಕೆ ‘ಹಲ್ಲೆ’ ಎನ್ನಬೇಡಿ

ಸಂಪಾದಕರಿಗೆ ನಮಸ್ಕಾರ.

800 ಮೀಟರ್ ಓಟದಲ್ಲಿ ಒಬ್ಬ ಓಟಗಾರ ‘ಸಹ ಸ್ಪರ್ಧಿಯ ಮೇಲೆ ಹಲ್ಲೆ ನಡೆಸಿ’ ಅನರ್ಹಗೊಂಡ ಎಂದು ನಿಮ್ಮ ಕ್ರೀಡಾ ಪುಟದಲ್ಲಿ ಓದಿ ಗಾಬರಿಯಾದೆ. ಪೊಲೀಸರು ಬಂದರೇ ಎಂದು ಮುಂದೆ ಹುಡುಕಿದರೆ ಅಂಥದ್ದೇನೂ ಇಲ್ಲ. ಎರಡನೇ ಪ್ಯಾರಾದಲ್ಲಿ ‘ಜೋಸ್ಟ್ಲಿಂಗ್’ ಎಂದು ಕಂಡ ಮೇಲೆ ಗುಟ್ಟು ತಿಳಿಯಿತು: ಇಂಗ್ಲಿಷಿನ jostling (ಸರಿಯಾದ ಉಚ್ಚಾರ ‘ಜಾಸ್ಲಿಂಗ್’) ತಲೆಬರಹದಲ್ಲಿ ಹೇಳಿದ ತಳ್ಳಾಟವೇ, ಅದನ್ನೇ ನೀವು ‘ಹಲ್ಲೆ’ ಮಾಡಿದ್ದೀರಿ. ಕರಡು ತಿದ್ದುತ್ತಲೇ ತಲೆ ನರೆಸಿಕೊಂಡವನು ನಾನು, ಸುಮ್ಮನಿರಲಾಗಲಿಲ್ಲ.

800 ಮೀಟರ್‌ನಲ್ಲಿ ಮೊದಲ ತಿರುವು ದಾಟುವವರೆಗೆ ಅವರವರ ಲೇನ್ ಅವರವರಿಗೆ. ಆಮೇಲೆ ಎಲ್ಲರೂ ಒಳಗಿನ ಲೇನಿಗೆ ನುಗ್ಗುತ್ತಾರೆ. ಭುಜಕ್ಕೆ ಭುಜ ಉಜ್ಜುತ್ತದೆ, ಮೊಣಕೈ ಪಕ್ಕೆಗೆ ತಿವಿಯುತ್ತದೆ, ಹಿಂದಿನವನ ಸ್ಪೈಕ್ಸ್ ಮುಂದಿನವನ ಹಿಮ್ಮಡಿ ಗೀರುತ್ತದೆ. ಜಾಸ್ಲಿಂಗ್ ಅಂದರೆ ಇದೇ. ಹೀಗೆ ಮೈ ತಾಗಿಸಿ ಅನುಚಿತ ಲಾಭ ಪಡೆದರೆ ಅಥವಾ ಪೆಟ್ಟು ಮಾಡಿದರೆ ರೆಫರಿ ಅನರ್ಹಗೊಳಿಸಬಹುದು ಎನ್ನುತ್ತದೆ ವಿಶ್ವ ಅಥ್ಲೆಟಿಕ್ಸ್ ನಿಯಮ. ಹಲ್ಲೆ ಎಂದರೆ ಹೊಡೆಯಲೆಂದೇ ಹೋದದ್ದು. ಇಲ್ಲಿ ಬೇಕಾದದ್ದು ಜಾಗ, ಅಷ್ಟೆ.

ಪದದ ಹುಟ್ಟು ನೋಡಿದರೂ ಹಾಗೆಯೇ. ಲ್ಯಾಟಿನ್ನಿನ ‘ಯುಕ್ಸ್ಟಾ’ ಎಂದರೆ ಪಕ್ಕದಲ್ಲಿ, ಹತ್ತಿರ. ಅದರಿಂದ ಹಳೆಯ ಫ್ರೆಂಚಿನಲ್ಲಿ ಹತ್ತಿರ ಬರುವುದಕ್ಕೆ, ಎದುರಾಗುವುದಕ್ಕೆ ಒಂದು ಕ್ರಿಯಾಪದ ಹುಟ್ಟಿತು. ಇಂಗ್ಲಿಷಿಗೆ ಬಂದಾಗ ಅದು ‘ಜೌಸ್ಟ್’, ಕುದುರೆಯೇರಿ ಈಟಿ ಹಿಡಿದು ನೈಟ್ ಎಂಬ ಯೋಧರು ಒಬ್ಬರ ಮೇಲೊಬ್ಬರು ನುಗ್ಗುವ ಆಟ. ಆಟವೆಂಬುದು ಹೆಸರಿಗೆ ಮಾತ್ರ. 1559ರಲ್ಲಿ ಫ್ರಾನ್ಸಿನ ದೊರೆ ಎರಡನೇ ಹೆನ್ರಿ ಮುರಿದ ಈಟಿಯ ಸಿಬಿರು ಕಣ್ಣಿಗೆ ನೆಟ್ಟು ಕೆಲವೇ ದಿನಗಳಲ್ಲಿ ತೀರಿಕೊಂಡ. ಈ ಜೌಸ್ಟ್‌ನ ಬಾಲಕ್ಕೆ ‘ಲ್’ ಅಂಟಿದಾಗ ಜಾಸಲ್. ಸ್ಪಾರ್ಕ್ ಹೋಗಿ ಸ್ಪಾರ್ಕಲ್ ಆದಂತೆ, ಮತ್ತೆ ಮತ್ತೆ ನಡೆಯುವ ಚಿಕ್ಕ ಕ್ರಿಯೆ ಎಂಬ ಅರ್ಥ ಬಂತು. 1611ರ ಕಿಂಗ್ ಜೇಮ್ಸ್ ಬೈಬಲಿನ ನಹೂಮನ ಗ್ರಂಥದಲ್ಲಿ ಅಗಲ ಬೀದಿಗಳಲ್ಲಿ ರಥಗಳು ಒಂದಕ್ಕೊಂದು ತಾಗುವುದಕ್ಕೆ ಇದೇ ಪದವಿದೆ, ಆದರೆ ಆಗ ಅದು ‘ಜಸಲ್’. ಆ ಲ್ಯಾಟಿನ್ ಪದ ‘ಯೋಗ’ ಪದಕ್ಕೆ ಮೂಲವಾದ ಸಂಸ್ಕೃತದ ‘ಯುಜ್’ (ಕೂಡಿಸು) ಧಾತುವಿನ ದೂರದ ಬಂಧು. ಯೋಗಾಸನಕ್ಕೂ ಮೊಣಕೈ ತಿವಿತಕ್ಕೂ ನೆಂಟಸ್ತಿಕೆ!

ಇಂಗ್ಲಿಷಿನ ಆ ‘ಲ್’ ಮಾಡುವ ಕೆಲಸವನ್ನು ನಮ್ಮಲ್ಲಿ ‘ಆಟ’ ಮಾಡುತ್ತದೆ: ನೂಕಾಟ, ತಳ್ಳಾಟ, ಎಳೆದಾಟ, ತಿಕ್ಕಾಟ. ಇಷ್ಟೆಲ್ಲ ಕೈಯಳತೆಯಲ್ಲಿದ್ದಾಗ ಹಲ್ಲೆಯನ್ನು ಏಕೆ ಎಳೆತರಬೇಕು? ತಪ್ಪು ಒಬ್ಬನದೇ ಎಂದು ತೀರ್ಮಾನವಾಗಿದ್ದರೆ ‘ತಳ್ಳಿದ್ದಕ್ಕೆ ಅನರ್ಹ’ ಎಂದರೂ ಸಾಕು. ಜನಜಂಗುಳಿಯ ಸುದ್ದಿಗೆ ನೂಕುನುಗ್ಗಲು ಇದ್ದೇ ಇದೆ. ಅದನ್ನು ಕಾಲ್ತುಳಿತ ಎಂದು ಮಾತ್ರ ಬರೆಯಬೇಡಿ, ಅಲ್ಲಿ ಜನ ಸಾಯುತ್ತಾರೆ. ಇಂಗ್ಲಿಷ್ ಪದವೇ ಬೇಕೆಂದರೆ ಟಕಾರ ಬಿಡಿ. ಕ್ಯಾಸಲ್, ವಿಸಲ್‌ಗಳಲ್ಲಿ ಬಿಟ್ಟಿಲ್ಲವೇ?

ಆ ಓಟಗಾರ ಕನ್ನಡ ಓದಲಾರ, ನಿಜ. ಆದರೂ ನಾಳೆಯ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿ.

– ನಿವೃತ್ತ ಪ್ರೂಫ್ ರೀಡರ್