ಸೂಜಿ ಹಾಕುವಾಗ ಕೂಸು ಅವ್ವನ ಎದೆಯ ಮೇಲಿರಲಿ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಯಾದಗಿರಿ

ಮಾನ್ಯರೇ, ನಮಸ್ಕಾರ.

ನಾನು ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯವಳು. ನನ್ನ ಮಗಳಿಗೆ ಈಗ ಮೂರು ತಿಂಗಳು. ಹುಟ್ಟಿದ ಮೂರನೇ ದಿನ ಅವಳ ಮೈ ಹಳದಿ ಆಯಿತು. ಕಾಮಾಲೆ ಇದೆ, ರಕ್ತ ತೆಗೀಬೇಕು ಅಂದರು. ಸಿಸ್ಟರ್ ಬಂದು ಕೂಸನ್ನು ನನ್ನ ಮಗ್ಗುಲಿಂದ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಕೇಳಿದ ಅಳು ಇನ್ನೂ ನನ್ನ ಕಿವಿಯಲ್ಲಿದೆ. ಹಸಿವಿನ ಅಳು ಬೇರೆ, ಆ ಅಳು ಬೇರೆ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಬಾಗಿಲ ತನಕ ನಡೆದೆ. "ನೀವು ನೋಡಬ್ಯಾಡ್ರಿ, ಹೋಗಿ ಮಲಕೊಳ್ರಿ" ಅಂದರು. ಎರಡು ದಿನದಲ್ಲಿ ಮೂರು ಸಲ ಹೀಗಾಯಿತು.

ನಾಲ್ಕನೇ ಸಲ ರಾತ್ರಿ ಪಾಳಿಗೆ ಬೇರೆ ಸಿಸ್ಟರ್ ಇದ್ದರು. ಅವರು ಕೂಸನ್ನು ಒಯ್ಯಲಿಲ್ಲ. "ಮೊದಲು ಮೊಲಿ ಕುಡಸ್ರಿ, ಚಲೋತ್ನಂಗ ಚೀಪಲಿ" ಅಂದರು. ಎರಡು ಮೂರು ನಿಮಿಷ ಸುಮ್ನೆ ನಿಂತು ಕಾದರು. ಕೂಸು ಹಾಲು ಎಳೆಯುತ್ತಿರುವಾಗಲೇ ಹಿಮ್ಮಡಿಗೆ ಚುಚ್ಚಿದರು. ಕಾಲು ಒಮ್ಮೆ ಜಗ್ಗಿದಳು, ಮುಖ ಕಿವುಚಿದಳು, ಕುಂಯ್ ಅಂದಳು. ಮತ್ತೆ ಚೀಪತೊಡಗಿದಳು. ಅಷ್ಟೇ. ಅದೇ ಕೂಸು, ಅದೇ ಹಿಮ್ಮಡಿ, ಅದೇ ಸೂಜಿ.

ಆ ಸಿಸ್ಟರ್ ಮಾಡಿದ್ದು ತಮ್ಮ ಒಳ್ಳೆಯತನದಿಂದ. ನಮ್ಮ ಜಿಲ್ಲೆಯ ಪ್ರತಿ ಹೆರಿಗೆ ವಾರ್ಡಿನಲ್ಲಿ, ಪ್ರತಿ ಲಸಿಕೆ ದಿನ ಅದೇ ಪದ್ಧತಿ ಆಗಬೇಕು. ಅದಕ್ಕೆ ನಿಮ್ಮ ಒಂದು ಸುತ್ತೋಲೆ ಬೇಕು. ಇದನ್ನು ಕೇಳಲಿಕ್ಕೇ ಈ ಪತ್ರ.

"ಎಳೆ ಕೂಸಿಗೆ ಏನು ಗೊತ್ತಾಗುತ್ತದೆ, ಮರೆತುಬಿಡುತ್ತದೆ" ಅಂತ ನಮ್ಮಲ್ಲಿ ಈಗಲೂ ಹೇಳುತ್ತಾರೆ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೂ ಹಾಗೇ ನಂಬಿದ್ದರು. 1980ರ ದಶಕದವರೆಗೆ ಅಮೆರಿಕ, ಇಂಗ್ಲೆಂಡಿನಲ್ಲೇ ಎಷ್ಟೋ ಹಸುಗೂಸುಗಳಿಗೆ ಸರಿಯಾದ ಅರಿವಳಿಕೆ ಇಲ್ಲದೆ ಆಪರೇಷನ್ ಮಾಡುತ್ತಿದ್ದರು. ಇದು ತಪ್ಪು, ಹುಟ್ಟಿದ ಮಗುವಿಗೂ ನೋವು ಆಗುತ್ತದೆ ಅಂತ 1987ರಲ್ಲಿ ಪುರಾವೆ ಸಮೇತ ಬರೆದವರಲ್ಲಿ ಇಂದೋರಿನಲ್ಲಿ ವೈದ್ಯಕೀಯ ಓದಿದ ಡಾ. ಕೆ.ಜೆ.ಎಸ್. ಆನಂದ್ ಒಬ್ಬರು. ಈಗ ಹುಬ್ಬು ಗಂಟಿಕ್ಕುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಮೂಗಿನ ಪಕ್ಕದ ಗೆರೆ ಆಳವಾಗುವುದು ನೋಡಿ ಕೂಸಿನ ನೋವನ್ನು ಅಳೆಯುತ್ತಾರೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಎಷ್ಟೋ ಸಲ ಅಳುವುದೇ ಇಲ್ಲ, ಅಳುವಷ್ಟು ಶಕ್ತಿ ಇರುವುದಿಲ್ಲ. ನೋವು ಇಲ್ಲ ಅಂತಲ್ಲ.

ಹಾಲು ಕುಡಿಯುವಾಗ ಚುಚ್ಚಿದರೆ ನೆತ್ತಿಗೇರುತ್ತದೆ ಅನ್ನೋ ಭಯ ಸಿಬ್ಬಂದಿಯಲ್ಲಿ ಜಾಸ್ತಿ ಇದೆ. ನನ್ನ ಅತ್ತೆಯೂ ಅದನ್ನೇ ಹೇಳಿದ್ದರು. ಆದರೆ ಇದನ್ನು ಪರೀಕ್ಷೆ ಮಾಡಿ ನೋಡಿದ ಅಧ್ಯಯನಗಳಲ್ಲಿ ಅಂಥ ತೊಂದರೆ ಕಂಡಿಲ್ಲ. ಲಸಿಕೆ ಹಾಕುವಾಗ ಅಥವಾ ಅದಕ್ಕೆ ತುಸು ಮೊದಲು ಎದೆಹಾಲು ಕುಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಹೇಳಿದೆ. ಹೆಚ್ಚು ನೋಯುವ ಸೂಜಿ ಕೊನೆಗೆ ಹಾಕಿ, ಕೂಸನ್ನು ಮನೆಯವರೇ ಹಿಡಿದುಕೊಳ್ಳಲಿ ಅಂತಲೂ ಹೇಳಿದೆ. ಇದಕ್ಕೆಲ್ಲ ಒಂದು ರೂಪಾಯಿಯೂ ಖರ್ಚಿಲ್ಲ, ಅಲ್ವಾ?

ಲಸಿಕೆ ಹಾಕುವ ಗುರುವಾರ ಸಾಲು ಉದ್ದ ಇರುತ್ತದೆ, ಒಬ್ಬೊಬ್ಬರಿಗೂ ಕಾಯಲು ಆಗುವುದಿಲ್ಲ ಅನ್ನುತ್ತಾರೆ. ಒಂದೂವರೆ ತಿಂಗಳಿಗೆ ನನ್ನ ಮಗಳಿಗೆ ಒಂದೇ ದಿನ ಮೂರು ಸೂಜಿ ಆದಾಗ ನನಗೂ ಇದೇ ಉತ್ತರ ಸಿಕ್ಕಿತು. ಸಾಲಿನಲ್ಲಿ ಮುಂದಿರುವ ಕೂಸಿಗೆ ಸೂಜಿ ಹಾಕುವಾಗ ಅದರ ಹಿಂದೆ ಕಾಯುತ್ತಿರುವ ತಾಯಿ ಹಾಲು ಕುಡಿಸಲು ಶುರು ಮಾಡಬಹುದು. ಎರಡು ಕುರ್ಚಿ, ಒಂದು ಪರದೆ ಇದ್ದರೆ ಸಾಕು. ಪರದೆ ಮಾತ್ರ ಬೇಕೇ ಬೇಕು. ನಾಲ್ಕು ಜನರ ಎದುರು ಯಾವ ಬಾಣಂತಿಯೂ ಕುಪ್ಪಸ ಬಿಚ್ಚುವುದಿಲ್ಲ.

ಎದೆಹಾಲು ಎಳೆಯಲಾಗದ ಕೂಸುಗಳ ಮಾತು ಬೇರೆ. ನವಜಾತ ಶಿಶುಗಳ ವಿಶೇಷ ಘಟಕದಲ್ಲಿ ಮಲಗಿದ ಕೂಸಿಗೆ ದಿನಕ್ಕೆ ಎಷ್ಟು ಸಲ ಚುಚ್ಚುತ್ತಾರೆ ಅನ್ನೋದು ನಿಮಗೆ ಚೆನ್ನಾಗಿ ಗೊತ್ತು. ಅಲ್ಲಿ ಕಾಂಗರೂ ಆರೈಕೆ ಇದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ಬಟ್ಟೆ ಇಲ್ಲದ ಕೂಸನ್ನು ತಾಯಿಯ ಬರಿ ಎದೆಗೆ ಅವಚಿ ಕಟ್ಟುತ್ತಾರೆ. ಹಾಗೆ ಇಟ್ಟುಕೊಂಡೇ ಹಿಮ್ಮಡಿಗೆ ಚುಚ್ಚಿದರೆ ನೋವು ಕಡಿಮೆ. ಅದೂ ಆಗದಿದ್ದರೆ ಒಂದು ಕೈ ತಲೆಯ ಮೇಲೆ, ಇನ್ನೊಂದು ಕೈಯಿಂದ ಕೈಕಾಲು ಮಡಚಿ ಕೂಸನ್ನು ಮೆಲ್ಲಗೆ ಮುದುರಿ ಹಿಡಿಯಬಹುದು, ಹೊಟ್ಟೆಯಲ್ಲಿದ್ದ ಹಾಗೆ. ಇದನ್ನು ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು. ಮನೆಯವರು ಒಳಗೆ ಬಂದು ಆರೈಕೆಯಲ್ಲಿ ಕೈಜೋಡಿಸಲಿ ಅಂತ 2017ರಲ್ಲೇ ಕೇಂದ್ರ ಸರ್ಕಾರ ಮಾರ್ಗಸೂಚಿ ಕೊಟ್ಟಿದೆ. ನನ್ನ ಗಂಡ ಮೂರು ದಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ.

ನೋವು ಕಡಿಮೆ ಮಾಡಲು ಸಕ್ಕರೆ ದ್ರಾವಣದ ಹನಿಗಳನ್ನೂ ಆಸ್ಪತ್ರೆಗಳಲ್ಲಿ ಕೊಡುತ್ತಾರೆ, ಚುಚ್ಚುವ ಸುಮಾರು 2 ನಿಮಿಷ ಮೊದಲು, ಅಳೆದು. ಆದರೆ ಇದು ಆಸ್ಪತ್ರೆಯಲ್ಲಿ ಮಾತ್ರ, ಮನೆಯಲ್ಲಿ ಅಲ್ಲ ಅಂತ ಆಶಾ ಕಾರ್ಯಕರ್ತೆಯರು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ನಮ್ಮ ಮನೆಗಳಲ್ಲಿ ಸಕ್ಕರೆ ನೀರು, ಜೇನುತುಪ್ಪ ಶುರುವಾಗುತ್ತದೆ. ವರ್ಷದೊಳಗಿನ ಕೂಸಿಗೆ ಜೇನು ಅಪಾಯ.

ಎಲ್ಲಕ್ಕಿಂತ ಮೊದಲು, ಚುಚ್ಚುವುದೇ ಕಡಿಮೆಯಾಗಲಿ. ಎರಡು ಮೂರು ಪರೀಕ್ಷೆಗೆ ಒಂದೇ ಸಲ ರಕ್ತ ತೆಗೆಯಬಹುದು. ಕಾಮಾಲೆ ಎಷ್ಟಿದೆ ಅಂತ ಹಣೆಗೋ ಎದೆಗೋ ಒತ್ತಿ ಬೆಳಕಿನಿಂದ ನೋಡುವ ಯಂತ್ರ ಇದೆ, ಸೂಜಿಯೇ ಬೇಡ. ಅದರಲ್ಲಿ ಜಾಸ್ತಿ ತೋರಿಸಿದ ಕೂಸಿಗೆ ಮಾತ್ರ ರಕ್ತ ತೆಗೆದರಾಯಿತು. ಶಹಾಪುರ, ಸುರಪುರದಂಥ ತಾಲ್ಲೂಕು ಆಸ್ಪತ್ರೆಗಳಿಗೆ ಒಂದೊಂದು ಯಂತ್ರ ಕೊಡಿಸಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ನೀವು ಬರೆದು ಕೇಳಬೇಕು.

ದೊಡ್ಡ ಚಿಕಿತ್ಸೆಗೆ ಔಷಧಿ ಬೇಕೇ ಬೇಕು, ಅಲ್ಲಿ ಎದೆಹಾಲು ಸಾಲದು. ನಾನು ಕೇಳುತ್ತಿರುವುದು ದಿನಾ ನಡೆಯುವ ಈ ಸಣ್ಣ ಸೂಜಿಗಳ ಬಗ್ಗೆ.

ಬರುವ ಗುರುವಾರ ನಮ್ಮೂರ ಅಂಗನವಾಡಿಯಲ್ಲಿ ನನ್ನ ಮಗಳಿಗೆ 14ನೇ ವಾರದ ಮೂರು ಸೂಜಿ ಇದೆ. ಹಾಲು ಕುಡಿಸುತ್ತಲೇ ಹಾಕಿಸಿಕೊಳ್ಳುತ್ತೇನೆ ಅಂತ ಸಿಸ್ಟರ್‌ಗೆ ಮೊದಲೇ ಹೇಳಿದ್ದೇನೆ, ಒಪ್ಪಿದ್ದಾರೆ. "ಎಲ್ಲರಿಗೂ ಹಿಂಗ ಮಾಡಬೇಕಂದ್ರ ಮ್ಯಾಲಿನವರು ಹೇಳಬೇಕ್ರಿ" ಅಂದರು. ದಯವಿಟ್ಟು ಹೇಳಿ.

ಇಂತಿ,
ಶಹಾಪುರ ತಾಲ್ಲೂಕಿನ ಒಬ್ಬ ತಾಯಿ